ದರಗಿನ ಮನೆ



ನಾನು ಕಂಪ್ಯೂಟರ್ ಮುಂದೆ ಕೂತು ದುಡಿಯುವವಳು, ಕಾಡಿನ ವಿಷಯ ಓದಿದವಳಲ್ಲ. ಆದರೂ ಕಳೆದ ದಸರಾ ರಜೆಯಲ್ಲಿ ಎಂಟು ವರ್ಷದ ಮಗಳೊಂದಿಗೆ ಆಗುಂಬೆಗೆ ಹೋಗಿಬಂದ ಅನುಭವವನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ನಾವು ಹೋದದ್ದು ಸೂರ್ಯಾಸ್ತಕ್ಕಾಗಿ. ಆಕಾಶ ತಿಳಿಯಾಗಿದ್ದರೆ ಘಾಟಿಯ ಮೇಲಿಂದಲೇ ಸೂರ್ಯ ಅರಬ್ಬಿ ಸಮುದ್ರಕ್ಕೆ ಇಳಿಯುವುದು ಕಾಣುತ್ತದೆ. ನಮಗೆ ಕಂಡದ್ದು ಬರೀ ಮಂಜು. "ಇಷ್ಟು ದೂರ ಬಂದದ್ದು ದಂಡ" ಎಂದು ಗೊಣಗಿದೆ. ಆದರೆ ಆ ಕಾಡು ಬದುಕಿರುವುದೇ ಈ ತೇವದಿಂದ. ಮಳೆಗಾಲದಲ್ಲಿ ಸಮುದ್ರದ ಹಸಿಗಾಳಿ ಘಟ್ಟಕ್ಕೆ ತಗುಲಿ, ಮೇಲೇರಿ, ತಣ್ಣಗಾಗಿ ಸುರಿಯುತ್ತದೆ. ನಮ್ಮ ದೆಹಲಿಯಲ್ಲಿ ವರ್ಷಕ್ಕೆ ಸರಾಸರಿ 800 ಮಿಲಿಮೀಟರಿನೊಳಗೆ ಮಳೆ. ಅಲ್ಲಿ 7000ಕ್ಕೂ ಹೆಚ್ಚು.

ಮರುದಿನ ಊರಿನ ಹಿರಿಯರೊಬ್ಬರು ಕಾಡಂಚಿನ ದಾರಿಯಲ್ಲಿ ಕರೆದೊಯ್ದರು. ಮಗಳ ಕಾಲಿಗೆ ಉಂಬಳ ಹತ್ತಿತು, ಚೀರಿದಳು. ಅವರು ನಗುತ್ತ ಸುಣ್ಣ ಹಚ್ಚಿ ಬಿಡಿಸಿದರು. ಆಮೇಲೆ ನೆಲದಿಂದ ಒಂದು ಹಿಡಿ ದರಗು ಎತ್ತಿದರು. ತರಗೆಲೆಗೆ ನನ್ನಮ್ಮ ಹೇಳುತ್ತಿದ್ದ ಆ ಹೆಸರು ನನಗೆ ಮರೆತೇಹೋಗಿತ್ತು.

"ಪುಟ್ಟೀ, ಹಾವುಗಳಲ್ಲಿ ಹೀಗೆ ಗೂಡು ಕಟ್ಟೋದು ಕಾಳಿಂಗ ಒಂದೇ. ತಾಯಿ ಮೈಯಿಂದಲೇ ದರಗು ಬಳಿದು ರಾಶಿ ಮಾಡಿ, ಒಳಗೆ ಮೊಟ್ಟೆ ಇಡುತ್ತೆ. ಕಾವಲೂ ಕಾಯುತ್ತೆ."

"ಮರಿಗಳನ್ನ ಯಾರು ನೋಡ್ಕೋತಾರೆ ಅಜ್ಜಾ?"

"ಯಾರೂ ಇಲ್ಲ. ಮರಿ ಹೊರಬರೋ ಹೊತ್ತಿಗೆ ತಾಯಿ ಹೊರಟುಹೋಗುತ್ತೆ. ಅದಕ್ಕೇ ಗೂಡು ಗಟ್ಟಿ ಇರಬೇಕು."

ಬೆಳಿಗ್ಗೆ ಮಗಳನ್ನು ಬಿಟ್ಟು ಆಫೀಸಿಗೆ ಓಡುವ ನನಗೆ ಆ ಮಾತು ನಾಟಿತು. 2005ರಲ್ಲಿ ರಾಮ್ಯುಲಸ್ ವಿಟೇಕರ್ ಆಗುಂಬೆಯಲ್ಲಿ ಸ್ಥಾಪಿಸಿದ ಮಳೆಕಾಡು ಸಂಶೋಧನಾ ಕೇಂದ್ರ ಈ ಹಾವಿನ ಬದುಕನ್ನೇ ಅಭ್ಯಾಸ ಮಾಡಿದೆ ಎಂದು ಆಮೇಲೆ ಓದಿ ತಿಳಿದೆ.

ಫೆಬ್ರವರಿಯಲ್ಲಿ ನಮ್ಮ ಸೊಸೈಟಿಯ ಬೇವಿನ ಎಲೆ ಉದುರಿತು. ಎಂದಿನಂತೆ ಗುಡಿಸಿ ಮೂಲೆಯಲ್ಲಿ ಬೆಂಕಿ ಇಟ್ಟರು. 2015ರಿಂದಲೇ ಹಸಿರು ನ್ಯಾಯಮಂಡಳಿಯ ನಿಷೇಧವಿದ್ದರೂ ಹೊಗೆ ನಿಂತಿಲ್ಲ. ಇನ್‌ಹೇಲರ್ ಕೈಯಲ್ಲಿ ಹಿಡಿದ ಮಗಳು ಕಿಟಕಿಯಿಂದ ನೋಡಿ ಕೇಳಿದಳು: "ಅಮ್ಮಾ, ದರಗನ್ನ ಯಾಕೆ ಸುಡ್ತಿದ್ದಾರೆ? ಅದು ಮನೆ ಕಟ್ಟೋ ಸಾಮಾನಲ್ವಾ?"

ಅಷ್ಟು ವರ್ಷ ಆ ಹೊಗೆಗೆ ಕಿಟಕಿ ಮುಚ್ಚಿಕೊಂಡು ಸುಮ್ಮನಿದ್ದವಳು ನಾನೇ. ಅಂದು ಕೆಳಗಿಳಿದು ಹೋದೆ. ಮಾಲಿ ಭಯ್ಯಾ ಜೊತೆ ಮಾತಾಡಿ, ನಾಲ್ಕು ಮನೆಯವರು ಸೇರಿ ಎಲೆಗೊಬ್ಬರದ ಗುಂಡಿ ತೋಡಿಸಿದೆವು. ಈಗ ನಮ್ಮ ತುಳಸಿಗೆ, ಕರಿಬೇವಿಗೆ ಅದೇ ಗೊಬ್ಬರ.

ಆಗುಂಬೆಗೆ ಖಂಡಿತ ಹೋಗಿಬನ್ನಿ. ಪ್ಲಾಸ್ಟಿಕ್ ಬಿಟ್ಟು ಬರಬೇಡಿ. ಹಿಂದಿರುಗಿದ ಮೇಲೆ ನಿಮ್ಮಲ್ಲೂ ಒಂದು ಗುಂಡಿ ತೋಡಿಸಿ. ಕರೆದರೆ ಭಾನುವಾರ ನಾನೂ ಮಗಳೂ ಬರುತ್ತೇವೆ.