ಮೂಗಿಗಿಂತ ಮೂಗುತಿ ಭಾರ



ನಿಮ್ಮ ಮನೆಯಲ್ಲಿ ಆಂಪ್ಲಿಫೈಯರ್ ಇದ್ದರೆ ಒಮ್ಮೆ ಸ್ವಿಚ್ ಆರಿಸಿ, ಅದರ ಬೆನ್ನ ಕಡೆ ಟಾರ್ಚ್ ಬಿಟ್ಟು ನೋಡಿ. ಮುಂಭಾಗವನ್ನು ದಿನವೂ ಒರೆಸುವ ನಾವು ಹಿಂಭಾಗ ನೋಡುವುದು ದೀಪಾವಳಿಗೆ ಧೂಳು ಹೊಡೆಯುವಾಗ ಮಾತ್ರ! ಕನ್ನಡ ಬಿ.ಎ. ಓದಿದವನಿಗೆ ಕರೆಂಟಿನ ಉಸಾಬರಿ ಯಾಕೆ ಅಂತೀರಾ? ದಿನವಿಡೀ ವೈರುಗಳ ನಡುವೆಯೇ ಕೂತು ಮಾತಾಡುವ ಕೆಲಸ ನಮ್ಮದು, ಅದಕ್ಕೆ.

ಅಲ್ಲಿ ಮೂರು ಚಪ್ಪಟೆ ಪಿನ್ನುಗಳ ಸಾಕೆಟ್ ಕಾಣುತ್ತದೆ. ಕಂಪ್ಯೂಟರಿಗೂ ಬಹುತೇಕ ಇದೇ. ಅಂತರರಾಷ್ಟ್ರೀಯ ಮಾನದಂಡದಲ್ಲಿ ಯಂತ್ರದ ಕಡೆಯದನ್ನು ಸಿ14, ವೈರಿನ ಕಡೆಯದನ್ನು ಸಿ13 ಎನ್ನುತ್ತಾರೆ. 10 ಆಂಪಿಯರ್ ಕರೆಂಟಿಗೆ ಮಾಡಿದ್ದು. ಸಾಮಾನ್ಯವಾಗಿ ಇದಕ್ಕೆ ಸ್ಕ್ರೂ ಇಲ್ಲ, ಕೊಂಡಿ ಇಲ್ಲ. ಒಳಗಿನ ಲೋಹದ ಪಟ್ಟಿಗಳ ಬಿಗಿತವೇ ವೈರನ್ನು ಹಿಡಿದಿರುವುದು. ಕಂಪನಿ ಕೊಟ್ಟ ತೆಳು ವೈರಿಗೆ ಅಷ್ಟು ಸಾಕು. ಈಗ ಹವ್ಯಾಸಿಗಳು ತರುವುದು ತೋಟದ ಪೈಪಿನಷ್ಟು ದಪ್ಪದ ಪವರ್ ಕೇಬಲ್. ಅದು ರ‍್ಯಾಕಿನ ಹಿಂದೆ ಜೋತುಬಿದ್ದರೆ ಪ್ಲಗ್ಗನ್ನು ಮೀಟುಗೋಲಿನಂತೆ ಕೆಳಕ್ಕೆ ಎಳೆಯುತ್ತಲೇ ಇರುತ್ತದೆ.

ಬರಬರುತ್ತಾ ಪಟ್ಟಿಗಳು ಸಡಿಲವಾಗುತ್ತವೆ. ಸಡಿಲವಾದ ಕಡೆ ಪ್ರತಿರೋಧ ಹೆಚ್ಚಿ ಬಿಸಿಯಾಗುತ್ತದೆ. 2 ಆಂಪಿಯರ್ ಹರಿಯುವಾಗ ಅಲ್ಲಿ 1 ಓಮ್ ಪ್ರತಿರೋಧವಿದ್ದರೆ 4 ವ್ಯಾಟ್ ಶಾಖ, ಅದೂ ಕಡಲೆಕಾಳಿನಷ್ಟು ಜಾಗದಲ್ಲಿ. ಪ್ಲಾಸ್ಟಿಕ್ ಕಂದುಗಟ್ಟುವುದು ಹೀಗೆ.

ನನಗೆ ಹೆಚ್ಚು ಭಯ ಇನ್ನೊಂದರದ್ದು. ಕೆಲವು ಯಂತ್ರಗಳಲ್ಲಿ ಈ ಸಾಕೆಟ್ಟನ್ನು ನೇರವಾಗಿ ಒಳಗಿನ ಬೋರ್ಡಿಗೆ ಬೆಸುಗೆ ಹಾಕಿರುತ್ತಾರೆ. ಭಾರಕ್ಕೆ ಬೆಸುಗೆ ಬಿರುಕು ಬಿಟ್ಟು ಅರ್ಥಿಂಗ್ ತಪ್ಪಿಹೋದರೂ ಹಾಡು ಹಾಡುತ್ತಲೇ ಇರುತ್ತದೆ, ನಿಮಗೆ ಸುಳಿವೇ ಸಿಗುವುದಿಲ್ಲ. ಮುಂದೆಂದಾದರೂ ಒಳಗೆ ಲೈವ್ ವೈರ್ ಲೋಹದ ಪೆಟ್ಟಿಗೆಗೆ ತಗುಲಿದರೆ, ಅದನ್ನು ಮುಟ್ಟುವ ಮಗುವಿಗೆ 230 ವೋಲ್ಟ್.

ಪರಿಹಾರ ಸುಲಭ. ಪ್ಲಗ್ಗಿನಿಂದ ಒಂದು ಗೇಣು ದೂರದಲ್ಲಿ ಕೇಬಲ್ಲನ್ನು ವೆಲ್ಕ್ರೋ ಪಟ್ಟಿಯಿಂದ ರ‍್ಯಾಕಿನ ಕಾಲಿಗೆ ಕಟ್ಟಿ. ಅಥವಾ ಸಾಕೆಟ್ಟಿನ ಮಟ್ಟಕ್ಕೆ ಸರಿಯಾಗಿ ಮರದ ತುಂಡೊಂದನ್ನು ಕೆಳಗಿಡಿ. ಪ್ಲಗ್ಗಿಗೂ ಕಟ್ಟಿಗೂ ನಡುವೆ ಸ್ವಲ್ಪ ಸಡಿಲ ಬಿಡಿ, ಕೇಬಲ್ಲಿನ ಮೈ ಹಿಸುಕುವಷ್ಟು ಬಿಗಿಯಬೇಡಿ. ಸೆಲ್ಲೋಟೇಪ್ ಬೇಡ, ಬಿಸಿಗೆ ಅಂಟು ಬಿಡುತ್ತದೆ. ಮೊಳೆಯಂತೂ ಬೇಡವೇ ಬೇಡ. ನಮ್ಮ ಫ್ಲ್ಯಾಟುಗಳಲ್ಲಿ ರ‍್ಯಾಕು ಗೋಡೆಗೇ ಒತ್ತಿಕೊಂಡಿರುತ್ತದಲ್ಲ, ಕೇಬಲ್ ಚೂಪಾಗಿ ಮಡಿಯದಂತೆ ಒಂದಿಷ್ಟು ಮುಂದಕ್ಕೆ ಎಳೆಯಿರಿ. ಪ್ಲಗ್ ಆಗಲೇ ಅಲ್ಲಾಡುತ್ತಿದ್ದರೆ ಅಥವಾ ಕಪ್ಪಾಗಿದ್ದರೆ ಇಕ್ಕಳ ಹಿಡಿದು ನೀವೇ ಕೂರಬೇಡಿ, ಮೆಕ್ಯಾನಿಕ್‌ಗೆ ತೋರಿಸಿ.

ಗೋಡೆಯ ಕಡೆಯನ್ನೂ ಮರೆಯಬೇಡಿ. ಬಾಡಿಗೆ ಮನೆಯ ಹಳೆಯ ಸಾಕೆಟ್ಟು, ಅದಕ್ಕೊಂದು ಮಲ್ಟಿಪ್ಲಗ್ಗು, ಅದರ ಮೇಲೆ ಈ ಭಾರ! ಮುಂಬಯಿಯ ಉಪ್ಪುಗಾಳಿಗೆ ಲೋಹ ಮೊದಲೇ ಕಿಲುಬು ಹಿಡಿದಿರುತ್ತದೆ. ಸಾಕೆಟ್ಟು ಸಡಿಲವಾಗಿದ್ದರೆ ಮನೆ ಮಾಲೀಕರಿಗೆ ಹೇಳಿ ಬದಲಾಯಿಸಿಕೊಳ್ಳಿ.

ದಪ್ಪ ಕೇಬಲ್ ಹಾಕಿದರೆ ಭೀಮಸೇನ ಜೋಶಿಯವರ ಷಡ್ಜ ಇನ್ನೂ ತುಂಬಿ ಬರುತ್ತದೆ ಎನ್ನುವವರಿದ್ದಾರೆ. ನನ್ನ ಕಿವಿಗೆ ಅಷ್ಟು ಪುಣ್ಯವಿಲ್ಲ. 200 ವ್ಯಾಟ್ ಎಳೆಯುವ ಯಂತ್ರಕ್ಕೆ ಬೇಕಾಗುವುದು ಸುಮಾರು 1 ಆಂಪಿಯರ್. ಕಂಪನಿಯ ವೈರ್ ಅದನ್ನು ಸಲೀಸಾಗಿ ಸಾಗಿಸುತ್ತದೆ. ಅದನ್ನಂತೂ ಗುಜರಿಗೆ ಹಾಕಬೇಡಿ.