ಮಾಸಾಶನವೂ ಉದ್ಯೋಗ ಮೇಳವೂ
(ರಜತ ಮಹೋತ್ಸವ ಸಭೆಯಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ)



ಪೋಲಿಯೋದಿಂದ ನನ್ನ ಎಡಗಾಲು ಸೋತಿರುವುದು ನಿಮಗೆಲ್ಲ ಗೊತ್ತು. ಮೊದಲ ಸಲ ತಾಲ್ಲೂಕಿನಲ್ಲಿ ಉದ್ಯೋಗ ಮೇಳ ನಡೆದಾಗ, "ಹೋದ್ರೆ ಮಾಸಾಶನ ನಿಂತೋಗುತ್ತೆ ಕಣೋ" ಅಂತ ಅವ್ವ ತಡೆದಳು. ಆ ಹಣದಲ್ಲೇ ಅವಳ ಮಾತ್ರೆ ಬರುತ್ತಿತ್ತು. ಹೋದ ಗೆಳೆಯನಿಗೆ ಕೆಲಸವಾಯಿತು. ನಾನು ಮನೆಯಲ್ಲೇ ಉಳಿದೆ.

ಈಗ ತಿಳಿದು ಹೇಳುತ್ತೇನೆ. ಮೇಳದಲ್ಲಿ ಹೆಸರು ಬರೆಸಿದ ಮಾತ್ರಕ್ಕೆ ಅದು ಆದಾಯವಲ್ಲ. ಮಾಸಾಶನಕ್ಕೆ ಆದಾಯದ ಮಿತಿ ಇರುವುದು ನಿಜ. ಆ ಪ್ರಶ್ನೆ ಏಳುವುದು ಸಂಬಳ ಬಂದಾಗ. ಕೆಲಸ ಒಪ್ಪುವ ಮೊದಲು ನಾಡಕಚೇರಿಯಲ್ಲಿ ವಿಚಾರಿಸಿ. ಸಂಬಳ, ಬಸ್ ಚಾರ್ಜು, ಮಾಸಾಶನ ಮೂರನ್ನೂ ಬರೆದು ಲೆಕ್ಕ ಹಾಕಿ. ಸಂಬಳ ಬಂದರೆ ಮುಚ್ಚಿಡಬೇಡಿ.

ಹೋಗುವಾಗ ಯು.ಡಿ.ಐ.ಡಿ. ಕಾರ್ಡು, ಆಧಾರ್, ಅಂಕಪಟ್ಟಿ, ಬಯೋಡೇಟಾ, ಇವುಗಳ ಐದಾರು ಜೆರಾಕ್ಸ್ ಇರಲಿ. "ಕೂತು ಮಾಡೋ ಕೆಲಸವೇ? ಮೆಟ್ಟಿಲು ಎಷ್ಟು?" ಅಂತ ಸಂಕೋಚವಿಲ್ಲದೆ ಕೇಳಿ. 2016ರ ಕಾಯಿದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಶೇಕಡ 40 ಅಥವಾ ಹೆಚ್ಚು ಅಂಗವೈಕಲ್ಯ ಉಳ್ಳವರಿಗೆ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇಕಡ 4 ಮೀಸಲು ಎಂದಿದೆ. ಇದು ಭಿಕ್ಷೆಯಲ್ಲ, ಹಕ್ಕು.

ಒಬ್ಬರಿಗೊಬ್ಬರು ಜಾಮೀನು ನಿಂತು ಬೆಳೆದ ಸಂಘ ನಮ್ಮದು. ಇಂಥ ಮಕ್ಕಳಿರುವ ಮನೆಯವರು ತಡೆಯಬೇಡಿ, ಜೊತೆಗೆ ಹೋಗಿ.