ಗ್ಯೊಂಗ್ಜುವಿನ ಘಂಟೆ

(ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕೊರಿಯಾಕ್ಕೆ ಹೋಗಿ ಬಂದೆ ಎಂದು ತಿಳಿದ ದಿನದಿಂದ ನಮ್ಮ ಸಂಘದಲ್ಲಿ ನನಗೆ ಎರಡೇ ಪ್ರಶ್ನೆ. ಮುಖಕ್ಕೆ ಹಚ್ಚುವ ಕ್ರೀಮು ತಂದಿರಾ? ಸೀರಿಯಲ್ಲಿನ ಹೀರೋ ಯಾರಾದರೂ ಕಂಡರಾ? ಎರಡಕ್ಕೂ ಇಲ್ಲ ಎಂದೇ ಉತ್ತರ. ನಾನು ಸಿಯೋಲ್ ನಗರವನ್ನು ವಿಮಾನ ನಿಲ್ದಾಣದಷ್ಟೇ ನೋಡಿದ್ದು. ನಾನು ಹೇಳಹೊರಟಿರುವುದು ಗ್ಯೊಂಗ್ಜು ಎಂಬ ಹಳೆಯ ಊರಿನ ಬಗ್ಗೆ. ಅದರ ಜೊತೆಗೆ ನಮ್ಮ ಮನೆಯ ಒಂದು ಸಂಗತಿಯನ್ನೂ ಹೇಳುತ್ತೇನೆ. ಸೊಸೆಯನ್ನು ಕೇಳಿಯೇ ಹೇಳುತ್ತಿದ್ದೇನೆ.

ನಿಮ್ಮಲ್ಲಿ ಹಲವರಿಗೆ ಗೊತ್ತು, ಎರಡು ವರ್ಷದ ಹಿಂದೆ ನಮ್ಮ ಯಜಮಾನರಿಗೆ ಪಾರ್ಶ್ವವಾಯು ಬಡಿಯಿತು. ಈಗ ಕೋಲು ಹಿಡಿದು ನಡೆಯುತ್ತಾರೆ. ಅವರ ಕಾಯಿಲೆಯ ಮಧ್ಯದಲ್ಲೇ ಮಗನ ಕಂಪನಿ ಅವನನ್ನು ಒಂದು ವರ್ಷಕ್ಕೆಂದು ಉಲ್ಸಾನಿಗೆ ಕಳಿಸಿತು. ಉಲ್ಸಾನ್ ಕೊರಿಯಾದ ಆಗ್ನೇಯ ಕರಾವಳಿಯ ಊರು, ಹಡಗು ಮತ್ತು ಕಾರು ತಯಾರಿಸುವ ಊರು. ಸೊಸೆ ಪುಣೆಯಲ್ಲಿ ನಮ್ಮ ಜೊತೆಗೇ ಉಳಿದಳು. ಹೋದ ಏಪ್ರಿಲ್‌ನಲ್ಲಿ ನನ್ನ ನಾದಿನಿ ಹುಬ್ಬಳ್ಳಿಯಿಂದ ಬಂದು, "ಹದಿನೈದು ದಿನ ಅಣ್ಣನ್ನ ನಾ ನೋಡ್ಕೋತೀನಿ, ಅತ್ತಿ ಸೊಸಿ ಇಬ್ಬರೂ ಹೋಗಿ ಬರ್ರಿ" ಎಂದು ಹೊರಡಿಸಿಬಿಟ್ಟಳು. ಮಗನಿಗೆ ವಾರವೆಲ್ಲ ಕಾರ್ಖಾನೆ. ಹಾಗಾಗಿ ನಾವಿಬ್ಬರೇ ಬಸ್ಸು ಹತ್ತಿ ಪಕ್ಕದ ಗ್ಯೊಂಗ್ಜುವಿಗೆ ಹೋದೆವು. ಅಲ್ಲೇ ಮೂರು ರಾತ್ರಿ ಉಳಿದೆವು.

ಆ ಊರಿಗೆ ಇಳಿದವರ ಕಣ್ಣಿಗೆ ಮೊದಲು ಬೀಳುವುದು ಗುಡ್ಡಗಳು. ಮನೆ, ಅಂಗಡಿ, ಕಾಫಿ ಹೋಟೆಲುಗಳ ನಡುವೆ ಹಸಿರು ಹುಲ್ಲು ಹೊದ್ದ ದುಂಡನೆಯ ಗುಡ್ಡಗಳು, ಬೋರಲು ಹಾಕಿದ ಬೋಗುಣಿಗಳ ಹಾಗೆ. ಅವೆಲ್ಲ ಸಿಲ್ಲಾ ರಾಜರ, ಗಣ್ಯರ ಸಮಾಧಿಗಳು. ಸಿಲ್ಲಾ ರಾಜ್ಯ ಹುಟ್ಟಿದ್ದು ಕ್ರಿ.ಪೂ. 57ರಲ್ಲಿ ಎಂದು ಅವರ ಚರಿತ್ರೆ ಹೇಳುತ್ತದೆ, ಮುಗಿದದ್ದು ಕ್ರಿ.ಶ. 935ರಲ್ಲಿ. ಸುಮಾರು ಸಾವಿರ ವರ್ಷ ಗ್ಯೊಂಗ್ಜುವೇ ಅದರ ರಾಜಧಾನಿ. ನಾವು ಹೋದಾಗ ಚೆರ್ರಿ ಹೂವಿನ ಕೊನೆಯ ದಿನಗಳು. ಹೆಣ್ಣುಮಕ್ಕಳು ಬಾಡಿಗೆಗೆ ತಂದ ಹಾನ್‌ಬೊಕ್ ಉಟ್ಟು ಸಮಾಧಿಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಸಾವಿನ ಮನೆ ಎಂಬ ಭಾರ ಯಾರ ಮುಖದಲ್ಲೂ ಇರಲಿಲ್ಲ.

ಆ ಗುಡ್ಡಗಳಲ್ಲಿ ಎರಡು ಒಂದಕ್ಕೊಂದು ಅಂಟಿಕೊಂಡಿವೆ, ಒಂಟೆಯ ಡುಬ್ಬದಂತೆ. ಅದಕ್ಕೆ ಹ್ವಾಂಗ್ನಾಮ್ ದೊಡ್ಡ ಸಮಾಧಿ ಎನ್ನುತ್ತಾರೆ. 1973ರಿಂದ 75ರವರೆಗೆ ಅಗೆದು ನೋಡಿದಾಗ ದಕ್ಷಿಣದ ಗುಡ್ಡದಲ್ಲಿ ಗಂಡಸು, ಉತ್ತರದ ಗುಡ್ಡದಲ್ಲಿ ಹೆಂಗಸು ಎಂದು ತಿಳಿಯಿತು. ಉತ್ತರದಲ್ಲಿ ಸಿಕ್ಕ ಬೆಳ್ಳಿಯ ಡಾಬಿನ ತುದಿಯ ಮೇಲೆ ಅದು 'ಅಮ್ಮನವರ ಡಾಬು' ಎಂಬ ಅರ್ಥ ಬರುವಂತೆ ಕೊರೆದಿದ್ದರು. ತಮಾಷೆ ಎಂದರೆ ಅಪ್ಪಟ ಬಂಗಾರದ ಕಿರೀಟ ಸಿಕ್ಕಿದ್ದು ಅವಳ ಗುಡ್ಡದಲ್ಲಿ. ಗಂಡನ ಕಡೆ ಸಿಕ್ಕಿದ್ದು ಬಂಗಾರದ ನೀರು ಹಾಕಿದ ಕಂಚಿನ ಕಿರೀಟ. ಯಾಕೆ ಹಾಗೆ ಎಂದು ಪಂಡಿತರು ಇಂದಿಗೂ ಚರ್ಚೆ ಮಾಡುತ್ತಾರಂತೆ. ನನ್ನ ಸೊಸೆ ಮಾತ್ರ ಆ ಗುಡ್ಡದ ಮುಂದೆ ಬಹಳ ಹೊತ್ತು ನಿಂತಿದ್ದಳು.

ಸಿಲ್ಲಾದಲ್ಲಿ ಮೂವರು ಹೆಂಗಸರು ಸಿಂಹಾಸನ ಏರಿದ್ದಾರೆ. ಮೊದಲನೆಯವಳು ಸೊನ್‌ದೊಕ್; 632ರಿಂದ 647ರವರೆಗೆ ಆಳಿದವಳು. ಗಂಡುಮಕ್ಕಳಿಲ್ಲದ ರಾಜನ ಮಗಳು. ಅವಳ ಬಗ್ಗೆ ಒಂದು ಕಥೆ ಇದೆ. ಚೀನದ ಚಕ್ರವರ್ತಿ ಪಿಯೊನಿ ಹೂವಿನ ಚಿತ್ರವನ್ನೂ ಬೀಜವನ್ನೂ ಕಳಿಸಿದಾಗ ಅವಳು ಚಿತ್ರ ನೋಡಿ, ಇದಕ್ಕೆ ವಾಸನೆ ಇರಲಿಕ್ಕಿಲ್ಲ ಎಂದಳಂತೆ. ಬಿತ್ತಿ ನೋಡಿದರೆ ಹಾಗೇ ಆಯಿತು. ಹೇಗೆ ತಿಳಿಯಿತು ಎಂದು ಕೇಳಿದ್ದಕ್ಕೆ, ಚಿತ್ರದಲ್ಲಿ ಚಿಟ್ಟೆಯೇ ಇಲ್ಲವಲ್ಲ ಎಂದಳಂತೆ. ಚೊಮ್ಸೊಂಗ್ದೆ ಎಂಬ ಕಲ್ಲಿನ ವೀಕ್ಷಣಾಲಯ ಅವಳ ಕಾಲದ್ದು. ಒಂಬತ್ತು ಮೀಟರಿನಷ್ಟು ಎತ್ತರ, ನಡುವೆ ಒಂದೇ ಕಿಟಕಿ, ಮೈ ನಮ್ಮ ಹಿತ್ತಾಳೆ ಕೊಡದಂತೆ ಬಳುಕಿದೆ. ಅಲ್ಲಿಂದ ನಕ್ಷತ್ರ ನೋಡುತ್ತಿದ್ದರು ಎನ್ನುತ್ತಾರೆ. ಇಷ್ಟು ಜಾಣೆಯಾಗಿದ್ದರೂ ಅವಳ ಕೊನೆಯ ದಿನಗಳಲ್ಲಿ ಅವಳದೇ ದರ್ಬಾರಿನ ಹಿರಿಯನೊಬ್ಬ ದಂಗೆ ಎದ್ದ. ಹೆಂಗಸಿಗೆ ಆಳಲು ಬಾರದು ಎಂಬುದೇ ಅವನ ಆರೋಪ. ಆ ಗದ್ದಲದ ನಡುವೆಯೇ ಅವಳು ತೀರಿಕೊಂಡಳು. ದಂಗೆ ಅಡಗಿತು. ಪಟ್ಟಕ್ಕೆ ಬಂದವಳು ಮತ್ತೊಬ್ಬ ಹೆಂಗಸೇ, ಅವಳ ದಾಯಾದಿ ಚಿಂದೊಕ್!

ಊಟದ ಬಗ್ಗೆ ಹೇಳದಿದ್ದರೆ ನೀವು ಬಿಡುವುದಿಲ್ಲ. ಸಸ್ಯಾಹಾರಿಗಳಿಗೆ ಕಷ್ಟವೇ. ಕಿಮ್ಚಿ ನೋಡಲು ಎಲೆಕೋಸಿನ ಉಪ್ಪಿನಕಾಯಿ, ಆದರೆ ಅದಕ್ಕೂ ಸಾಮಾನ್ಯವಾಗಿ ಮೀನಿನ ರಸ ಹಾಕಿರುತ್ತಾರೆ. ಅನ್ನದ ಮೇಲೆ ತರಕಾರಿ, ಸೊಪ್ಪು, ಖಾರದ ಹಿಂಡಿ ಹಾಕಿ ಕಲಸುವ ಬಿಬಿಂಬಾಪ್ ನನ್ನನ್ನು ಕಾಪಾಡಿತು. ಮಾಂಸ, ಮೊಟ್ಟೆ ಬೇಡ ಎಂದು ಕೊರಿಯನ್ ಭಾಷೆಯಲ್ಲಿ ಮಗ ಚೀಟಿ ಬರೆದುಕೊಟ್ಟಿದ್ದ. ಗ್ಯೊಂಗ್ಜುವಿನ ಹೆಸರಾಂತ ತಿಂಡಿ ಹ್ವಾಂಗ್ನಾಮ್ ಬ್ರೆಡ್. ಹೆಸರಿಗೆ ಬ್ರೆಡ್ಡು, ಒಳಗೆ ಕೆಂಪು ಕಾಳನ್ನು ಬೇಯಿಸಿ ಸಿಹಿ ಹಾಕಿ ರುಬ್ಬಿದ ಹೂರಣ. ಬಿಸಿಬಿಸಿ ಬಾಯಿಗಿಟ್ಟರೆ ನಮ್ಮ ಹೋಳಿಗೆಯ ತಂಗಿ! ಎರಡು ತಿಂದ ಮೇಲೆ "ಹಿಟ್ಟಿಗೆ ತತ್ತಿ ಹಾಕಿರ್ತಾರೇನ?" ಎಂದು ಸೊಸೆಯನ್ನು ಕೇಳಿದೆ. "ಇನ್ನೊಂದು ತಿನ್ನೋದಿದ್ರ ಕೇಳಬ್ಯಾಡ್ರಿ" ಎಂದಳು. ನಾನು ಮತ್ತೆ ಕೇಳಲಿಲ್ಲ.

ಎರಡನೆಯ ದಿನ ತೊಹಾಮ್ ಬೆಟ್ಟಕ್ಕೆ ಹೋದೆವು. ಬೆಟ್ಟದ ಬುಡದಲ್ಲಿ ಬುಲ್ಗುಕ್ಸಾ ವಿಹಾರ, ಮೇಲೆ ಸೊಕ್ಕುರಾಮ್ ಗುಹೆ. ಎರಡನ್ನೂ ಎಂಟನೆಯ ಶತಮಾನದ ನಡುವೆ ಕಿಮ್ ದೆಸೊಂಗ್ ಎಂಬ ಮಂತ್ರಿ ಆರಂಭಿಸಿದ. ವಿಹಾರ ಈ ಜನ್ಮದ ತಂದೆತಾಯಿಗಾಗಿ, ಗುಹೆ ಹಿಂದಿನ ಜನ್ಮದ ತಂದೆತಾಯಿಗಾಗಿ ಎಂದು ಪ್ರತೀತಿ. ಗುಹೆ ಎಂದರೆ ಬಾದಾಮಿಯ ಹಾಗೆ ಬಂಡೆ ಕೊರೆದದ್ದಲ್ಲ. ಗ್ರಾನೈಟ್ ಕಲ್ಲುಗಳನ್ನು ಜೋಡಿಸಿ ಗುಮ್ಮಟ ಕಟ್ಟಿ, ಮೇಲೆ ಮಣ್ಣು ಮುಚ್ಚಿದ್ದು. ಒಳಗೆ ಬುದ್ಧ ಬಲಗೈಯನ್ನು ಮಂಡಿಯ ಮೇಲಿಂದ ಇಳಿಬಿಟ್ಟು ಭೂಮಿ ಮುಟ್ಟುವ ಮುದ್ರೆಯಲ್ಲಿ ಕುಳಿತಿದ್ದಾನೆ, ಪೂರ್ವದ ಸಮುದ್ರದ ಕಡೆ ಮುಖ ಮಾಡಿ. ನಡುವೆ ಗಾಜಿನ ಗೋಡೆ. ಕಳೆದ ಶತಮಾನದ ಆರಂಭದಲ್ಲಿ ಜಪಾನೀಯರ ಆಡಳಿತ ಇದ್ದಾಗ ದುರಸ್ತಿ ಎಂದು ಸಿಮೆಂಟು ಬಳಿದರು. ಅಂದಿನಿಂದ ಒಳಗೆ ತೇವದ ಕಾಟ. ಕೂತು ನೋಡಲು ಜಾಗವಿಲ್ಲ, ಹಿಂದಿನವರು ತಳ್ಳುತ್ತಿರುತ್ತಾರೆ. ನಮ್ಮ ದೇವಸ್ಥಾನದ ಸಾಲಿನಲ್ಲಿ ತರಬೇತಾದವಳಿಗೆ ಅದೇನೂ ಹೊಸದಲ್ಲ ಬಿಡಿ.

ಅಲ್ಲಿ ನಿಂತಾಗ ನನಗೆ ಹ್ಯೇಚೊ ನೆನಪಾದ. ಹೊರಡುವ ಮುಂಚೆ ಅವನ ಬಗ್ಗೆ ಓದಿದ್ದೆ. ಅವನು ಸಿಲ್ಲಾದ ಭಿಕ್ಷು. 723ರ ಸುಮಾರಿಗೆ ಚೀನದಿಂದ ಹೊರಟು, ಸಮುದ್ರದ ಮೇಲೆ ಭಾರತಕ್ಕೆ ಬಂದು, ನಡೆದೇ ಊರೂರು ಸುತ್ತಿದ. ಅವನು ಬರೆದ ಪ್ರವಾಸದ ಓಲೆ ಕಳೆದೇ ಹೋಗಿತ್ತು. 1908ರಲ್ಲಿ ಚೀನದ ದುನ್‌ಹುವಾಂಗ್ ಗುಹೆಯಲ್ಲಿ ಫ್ರೆಂಚ್ ವಿದ್ವಾಂಸ ಪೆಲಿಯೊಗೆ ಸಿಕ್ಕಿತು. ಅದರಲ್ಲಿ ದಕ್ಷಿಣ ದೇಶದ ರಾಜ್ಯವೊಂದರ ವರ್ಣನೆ ಇದೆ. ಅದು ನಮ್ಮ ಬಾದಾಮಿ ಚಾಲುಕ್ಯರ ರಾಜ್ಯವೆಂದು ವಿದ್ವಾಂಸರು ಗುರುತಿಸಿದ್ದಾರೆ. ಆ ದಕ್ಷಿಣದ ದಾರಿಯಲ್ಲೇ ಅವನು ತನ್ನ ಊರನ್ನು ನೆನೆದು ಒಂದು ಪದ್ಯ ಬರೆದಿದ್ದಾನೆ. ಇದಾಗಿ ಹೆಚ್ಚು ವರ್ಷ ಕಳೆಯುವ ಮೊದಲೇ ಪಟ್ಟದಕಲ್ಲಿನಲ್ಲಿ ರಾಣಿ ಲೋಕಮಹಾದೇವಿ ವಿರೂಪಾಕ್ಷ ಗುಡಿ ಕಟ್ಟಿಸಿದಳು, ಇಲ್ಲಿ ಬುಲ್ಗುಕ್ಸಾದ ಕೆಲಸ ಶುರುವಾಯಿತು. ನಮ್ಮ ನೆಲದಲ್ಲಿ ಕೂತು ಒಬ್ಬ ಈ ಊರಿಗಾಗಿ ಅತ್ತಿದ್ದ ಎಂದು ತಿಳಿದ ಮೇಲೆ ಈ ಊರು ನನಗೆ ಪರದೇಶ ಅನ್ನಿಸಲಿಲ್ಲ.

ಈಗ ಘಂಟೆಯ ವಿಷಯ. ಕೊನೆಯ ದಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಹೋದೆವು. ಅಂಗಳದಲ್ಲಿ ಒಂದು ಮಂಟಪ, ಅದರಲ್ಲಿ ಕಂಚಿನ ಮಹಾಘಂಟೆ ತೂಗುತ್ತಿದೆ. ಸುಮಾರು 19 ಟನ್ ತೂಕ. ಸೊಂಗ್‌ದೊಕ್ ಎಂಬ ರಾಜನ ನೆನಪಿಗೆಂದು ಅವನ ಮಗ ಆರಂಭಿಸಿ, ಮುಗಿಸಲಾಗದೆ ಸತ್ತ. ಮೊಮ್ಮಗನ ಕಾಲಕ್ಕೆ, 771ರಲ್ಲಿ, ಮುಗಿಯಿತು. ಮೈಮೇಲೆ ಧೂಪಪಾತ್ರೆ ಹಿಡಿದು ಮಂಡಿಯೂರಿದ ಗಂಧರ್ವರು, ಅವರ ಸೆರಗು ಮೋಡದಂತೆ ಹಾರಾಡುತ್ತದೆ. ಜನ ಅದನ್ನು ಕರೆಯುವುದು ಎಮಿಲ್ಲೆ ಘಂಟೆ ಎಂದು. ಆ ಹೆಸರಿಗೊಂದು ಕಥೆ. ಎಷ್ಟು ಸಲ ಎರಕ ಹೊಯ್ದರೂ ಘಂಟೆ ನಾದ ಕೊಡಲಿಲ್ಲ. ಲೋಹ ಬೇಡಲು ಮನೆಮನೆಗೆ ಹೋಗಿದ್ದ ಭಿಕ್ಷುವಿಗೆ ಬಡ ಹೆಂಗಸೊಬ್ಬಳು, ಕೊಡಲು ಈ ಕೂಸೊಂದನ್ನು ಬಿಟ್ಟು ನನ್ನ ಹತ್ತಿರ ಏನಿದೆ ಎಂದಿದ್ದಳಂತೆ. ಬಾಯಿಮಾತಿಗೆ ಅಂದದ್ದು. ಕೊನೆಗೆ ಆ ಕೂಸನ್ನೇ ತಂದು ಕುದಿಯುವ ಕಂಚಿಗೆ ಹಾಕಿದರು. ಘಂಟೆ ನುಡಿಯಿತು. ಅದರ ದನಿ 'ಎಮಿಲ್ಲೆ' ಎಂದು ಅಮ್ಮನನ್ನು ಕರೆದಂತೆ ಕೇಳಿಸಿತಂತೆ. ಘಂಟೆಯ ಲೋಹ ಪರೀಕ್ಷಿಸಿದಾಗ ಇದಕ್ಕೆ ಪುರಾವೆ ಸಿಗಲಿಲ್ಲ. ಇದು ಕಟ್ಟುಕಥೆಯೇ ಇರಬೇಕು.

ಈಗ ಆ ಘಂಟೆಯನ್ನು ಸಾಮಾನ್ಯವಾಗಿ ಬಾರಿಸುವುದಿಲ್ಲ, ಹಳೆಯದಾಗಿದೆ ಎಂದು. ಹೊತ್ತು ಹೊತ್ತಿಗೆ ಧ್ವನಿಮುದ್ರಿಕೆ ಹಾಕುತ್ತಾರೆ. ನಾವು ಬೆಂಚಿನ ಮೇಲೆ ಕೂತು ಕೇಳಿದೆವು. ಒಂದೇ ಪೆಟ್ಟು. ನಿಂತಿತು ಅನ್ನುವಷ್ಟರಲ್ಲಿ ಮತ್ತೆ ಏಳುತ್ತದೆ, ಮತ್ತೆ ಇಳಿಯುತ್ತದೆ, ಬಿಕ್ಕಿದ ಹಾಗೆ.

ಸೊಸೆ ಕೇಳಿದಳು, "ಅತ್ತೀ, ನೀವು ರಾಜ್ಯೋತ್ಸವಕ್ಕ ಹಾಡ್ತೀರಲ್ಲ, ಕೆರೆಗೆ ಹಾರ. ಅದೂ ಹಿಂಗ ಅಲ್ಲೇನ್ರಿ?"

"ಹೌದವ್ವಾ, ಕೆರಿಗೆ ನೀರು ಬರಲಿಲ್ಲಂತ ಕಿರಿಸೊಸಿ ಭಾಗೀರಥೀನ ಕೊಟ್ಟರು."

"ಅಕೀನ ಯಾರೂ ಕೇಳಲೇ ಇಲ್ಲಲ್ರೀ."

ಅಷ್ಟೇ ಅಂದದ್ದು. ಸಿಟ್ಟಿನಿಂದಲ್ಲ. ಘಂಟೆಯ ಕಡೆ ನೋಡುತ್ತ ಅಂದಳು. ನನಗೆ ಮಾತ್ರ ಪುಣೆಯ ಆಸ್ಪತ್ರೆಯ ಪಡಸಾಲೆ ಕಣ್ಣಿಗೆ ಬಂತು. ಯಜಮಾನರು ಐಸಿಯುನಲ್ಲಿ. ನಾದಿನಿ ಫೋನಿನಲ್ಲಿ, ಮುಂದೆ ಹೆಂಗ ಮಾಡ್ತೀ ವೈನೀ ಎಂದು ಕೇಳಿದಾಗ ನಾನು, "ಸೊಸಿ ಕೆಲಸ ಬಿಡ್ತಾಳ, ಚಿಂತಿಲ್ಲ" ಎಂದಿದ್ದೆ. ಸೊಸೆ ಪಕ್ಕದ ಕುರ್ಚಿಯಲ್ಲೇ ಇದ್ದಳು. ನಾನು ಅವಳನ್ನು ಕೇಳಿರಲಿಲ್ಲ. ಮಗನೂ ಕೇಳಲಿಲ್ಲ. ಮರುವಾರ ಅವಳು ರಾಜೀನಾಮೆ ಕೊಟ್ಟಳು. ಒಂಬತ್ತು ವರ್ಷದ ನೌಕರಿ. ನಮ್ಮ ಸೊಸೆ ಬಂಗಾರ ಎಂದು ನಾನು ಇದೇ ಸಭೆಯಲ್ಲಿ ಹೇಳಿಕೊಂಡಿದ್ದೇನೆ, ನೀವು ಚಪ್ಪಾಳೆಯನ್ನೂ ತಟ್ಟಿದ್ದೀರಿ.

ಮೂವತ್ತು ವರ್ಷದಿಂದ ಆ ಹಾಡು ಹಾಡುತ್ತಿದ್ದೇನೆ. ಭಾಗೀರಥಿಗಾಗಿ ಕಣ್ಣೀರು ಹಾಕಿದ್ದೇನೆ. ಹಾಡುವಾಗೆಲ್ಲ ನಾನೇ ಭಾಗೀರಥಿ ಎಂದುಕೊಂಡಿದ್ದೆ.

ಆ ರಾತ್ರಿ ನಾವು ಇಳಿದಿದ್ದ ಹಳೆ ಮಾದರಿಯ ಮನೆಯಲ್ಲಿ, ಒಂದೋಲಿನ ಬೆಚ್ಚಗಿನ ನೆಲದ ಮೇಲೆ ಹಾಸಿಗೆ ಹಾಸಿ ಮಲಗಿದ್ದೆವು. ದೀಪ ಆರಿಸಿದ ಮೇಲೆ ನಾನು, "ನಿನಗ ಕೆಲಸಕ್ಕ ಹೋಗೋ ಮನಸೈತೇನವ್ವಾ?" ಎಂದು ಕೇಳಿದೆ. ಬಹಳ ಹೊತ್ತು ಉತ್ತರ ಬರಲಿಲ್ಲ, ನಿದ್ದೆ ಹತ್ತಿತೇನೋ ಅಂದುಕೊಂಡೆ. ಆಮೇಲೆ, "ಎರಡು ವರ್ಷ ಆತ್ರಿ, ಯಾರ್ ತಗೋತಾರ ಈಗ" ಎಂದಳು. ಮನಸ್ಸಿಲ್ಲ ಎನ್ನಲಿಲ್ಲ.

ಸುಲಭವಾಗಿ ಯಾರೂ ತೆಗೆದುಕೊಳ್ಳಲಿಲ್ಲ. ಹನ್ನೊಂದು ಕಡೆ ಅರ್ಜಿ ಹಾಕಿದಳು. ಆಗಸ್ಟ್‌ನಿಂದ ಒಂದು ಕಂಪನಿಗೆ ಹೋಗುತ್ತಿದ್ದಾಳೆ, ಮೊದಲಿಗಿಂತ ಸಂಬಳ ಕಡಿಮೆ. ಹಗಲಿಗೆ ಒಬ್ಬ ಹುಡುಗನನ್ನು ಇಟ್ಟುಕೊಂಡಿದ್ದೇವೆ. ಯಜಮಾನರಿಗೆ ಅವನು ಮಾಡುವುದು ಒಂದೂ ಸರಿ ಬರುವುದಿಲ್ಲ, ದಿನಾ ಜಗಳ. ನನ್ನ ಮಂಡಿನೋವು ಜಾಸ್ತಿಯಾಗಿದೆ. ಅದಕ್ಕೇ ಈ ನಡುವೆ ನಾಲ್ಕು ಸಭೆಗಳಿಗೆ ಬರಲಿಕ್ಕಾಗಲಿಲ್ಲ, ಕಾರ್ಯದರ್ಶಿಗಳು ಬೇಸರ ಮಾಡಿಕೊಳ್ಳಬಾರದು.

ನವೆಂಬರ್ ಕಾರ್ಯಕ್ರಮದ ಹಾಡಿನ ಪಟ್ಟಿಯಲ್ಲಿ ಕೆರೆಗೆ ಹಾರಕ್ಕೆ ಈ ಸಲವೂ ನನ್ನ ಹೆಸರೇ ಇದೆ. ಅತ್ತೆಮಾವನ ಭಾಗವನ್ನು ನಾನು ಹಾಡುತ್ತೇನೆ. ಭಾಗೀರಥಿಯ ಭಾಗಕ್ಕೆ ಯಾರಾದರೂ ಹೊಸಬರನ್ನು ಹುಡುಕಿ. ನನ್ನ ಸೊಸೆಯನ್ನು ಕೇಳಿದೆ, ರಿಹರ್ಸಲ್ಲಿಗೆ ರಜೆ ಸಿಗುವುದಿಲ್ಲವಂತೆ.